ವಕ್ಕಲೇರಿಗೆ ಹೊಸದಾಗಿ ಬಂದವರಿಗೆ ದಿನಬಳಕೆಯ ತೆಲುಗು: ಹಂತ ಹಂತವಾಗಿ

ಹಾಸನದಿಂದಲೋ ಹಾವೇರಿಯಿಂದಲೋ ಕೋಲಾರ ಜಿಲ್ಲೆಗೆ ವರ್ಗವಾಗಿ ಬರುವ ಮೇಷ್ಟ್ರು, ನರ್ಸು, ಬ್ಯಾಂಕ್ ಸಿಬ್ಬಂದಿ, ಪಂಚಾಯಿತಿಯ ಪಿಡಿಒ, ಇವರೆಲ್ಲ ಮೊದಮೊದಲು ಹೇಳುವುದು ಒಂದೇ: ‘ಇಲ್ಲಿ ಎಲ್ಲರಿಗೂ ಕನ್ನಡ ಬರುತ್ತೆ, ಏನೂ ತೊಂದರೆ ಇಲ್ಲ.’ ಮಾತು ನಿಜ. ವಕ್ಕಲೇರಿಯಲ್ಲಿ ಬಸ್ಸು ಹತ್ತಲು, ಅರ್ಜಿ ಕೊಡಲು, ಅಂಗಡಿಯಲ್ಲಿ ಬೆಲೆ ಕೇಳಲು ಕನ್ನಡ ಧಾರಾಳವಾಗಿ ಸಾಕು. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಅಜ್ಜಿ ಪಕ್ಕದವಳಿಗೆ ತನ್ನ ನೋವು ಹೇಳಿಕೊಳ್ಳುವಾಗ, ಡೇರಿಯ ಮುಂದೆ ಇಬ್ಬರು ರೈತರು ಹಾಲಿನ ಲೆಕ್ಕಕ್ಕೆ ಜಗಳವಾಡುವಾಗ, ಒಂದನೇ ತರಗತಿಯ ಮಗು ಅತ್ತುಕೊಂಡು ಅಮ್ಮನನ್ನು ಕರೆಯುವಾಗ ಮಾತು ತೆಲುಗಿಗೆ ಹೊರಳುತ್ತದೆ. ಆ ಹೊತ್ತಿಗೆ ಹೊಸಬರು ಹೊರಗಿನವರಾಗಿಬಿಡುತ್ತಾರೆ.

ಇಲ್ಲಿ ಮನೆಯ ಮಾತು ಒಂದು, ಬರೆಯುವ ಮಾತು ಇನ್ನೊಂದು ಆಗಿರುವುದು ಹೊಸದೇನಲ್ಲ. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. ಅವರು ಕನ್ನಡದ ಸಣ್ಣಕಥೆಯನ್ನು ಕಟ್ಟಿದರು, 1983ರ ಜ್ಞಾನಪೀಠವನ್ನು ಕನ್ನಡಕ್ಕೆ ತಂದರು. ಕೀರ್ತನೆಗಳನ್ನು ಕಟ್ಟಿದ ಕೈವಾರದ ತಾತಯ್ಯನವರು ತೆಲುಗಿನಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು. ಆದ್ದರಿಂದ ತೆಲುಗು ಕಲಿತರೆ ಕನ್ನಡಕ್ಕೆ ಕಡಿಮೆಯಾದೀತು ಎಂಬ ಅಳುಕನ್ನು ಈ ಸೀಮೆಯಲ್ಲಿ ಇಟ್ಟುಕೊಳ್ಳಬೇಕಿಲ್ಲ. ಕನ್ನಡ ಚೆನ್ನಾಗಿ ಬಲ್ಲವರಿಗೆ ತೆಲುಗಿನ ಅರ್ಧ ದಾರಿ ಆಗಲೇ ಸವೆದಿರುತ್ತದೆ. ಉಳಿದ ಅರ್ಧ ಹೀಗೆ.

ಹಂತ 1: ಯಾವ ತೆಲುಗು ಎಂದು ಮೊದಲು ಗೊತ್ತುಮಾಡಿಕೊಳ್ಳಿ

ವಕ್ಕಲೇರಿ ಇರುವುದು ಕೋಲಾರಕ್ಕೂ ಮಾಲೂರಿಗೂ ನಡುವೆ. ಇಲ್ಲಿಂದ ಪೂರ್ವಕ್ಕೆ ಮುಳಬಾಗಿಲು ದಾಟಿ ನಂಗಲಿಯ ಕಡೆಗೆ ಹೋದಷ್ಟೂ, ಉತ್ತರಕ್ಕೆ ಶ್ರೀನಿವಾಸಪುರ ದಾಟಿ ರಾಯಲ್ಪಾಡಿನ ಕಡೆಗೆ ಹೋದಷ್ಟೂ ತೆಲುಗು ದಟ್ಟವಾಗುತ್ತದೆ. ಆಚೆಗೆ ಪಲಮನೇರು, ಮದನಪಲ್ಲಿ. ಮಾಲೂರಿನ ದಕ್ಷಿಣಕ್ಕೆ ಹೊಸೂರಿನ ಗಡಿ, ಅಲ್ಲಿ ತಮಿಳೂ ಸೇರಿಕೊಳ್ಳುತ್ತದೆ. ಕೆಜಿಎಫ್‌ನಲ್ಲಿ ತಮಿಳೇ ಹೆಚ್ಚು. ಪೇಟೆಗಳಲ್ಲಿ ಉರ್ದು ಬೇರೆ.

ಕೋಲಾರದ ತೆಲುಗು ಚಿತ್ತೂರು, ಮದನಪಲ್ಲಿ ಸೀಮೆಯ ತೆಲುಗಿಗೆ ನಂಟು. ಸಿನಿಮಾದಲ್ಲಿ ಕೇಳುವ ಕರಾವಳಿ ಆಂಧ್ರದ ತೆಲುಗಿಗೆ ಅಷ್ಟಾಗಿ ಅಲ್ಲ. ಅಂಗಡಿಯಲ್ಲಿ ಸಿಗುವ ‘ಮೂವತ್ತು ದಿನದಲ್ಲಿ ತೆಲುಗು’ ಬಗೆಯ ಪುಸ್ತಕಗಳು ‘ಎಲ್ಲಿ’ ಎನ್ನಲು ‘ಎಕ್ಕಡ’ ಎಂದು ಕಲಿಸುತ್ತವೆ. ಇಲ್ಲಿ ನಿಮ್ಮ ಕಿವಿಗೆ ಬೀಳುವುದು ‘ಯಾಡ’. ‘ಇಲ್ಲಿ’ಗೆ ಪುಸ್ತಕದಲ್ಲಿ ‘ಇಕ್ಕಡ’, ಊರಲ್ಲಿ ‘ಈಡ’. ‘ಇದೆ’ ಎನ್ನಲು ಪುಸ್ತಕದ್ದು ‘ಉಂದಿ’, ಊರಿನದು ‘ಉಂಡಾದಿ’. ‘ಚೆನ್ನಾಗಿದ್ದೀರಾ’ ಎಂದು ಕೇಳಲು ಪುಸ್ತಕದಲ್ಲಿ ‘ಬಾಗುನ್ನಾರಾ’, ಇಲ್ಲಿ ‘ಬಾಗುಂಡಾರಾ’. ‘ಹಾಗೆ, ಹೀಗೆ’ ಎನ್ನಲು ‘ಅಟ್ಲಾ, ಇಟ್ಲಾ’. ಎರಡರಲ್ಲಿ ಯಾವುದನ್ನು ಆಡಿದರೂ ಜನಕ್ಕೆ ಅರ್ಥವಾಗುತ್ತದೆ. ಆದರೆ ಕಲಿಯುವಾಗ ಊರಿನದನ್ನೇ ಕಲಿಯಿರಿ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು, ಕೇಳಿದ ಮಾತನ್ನು ಕೇಳಿದ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ತೆಲುಗಿನ ದನಿಗಳನ್ನು ಹಿಡಿದಿಡಲು, ತೆಲುಗಿನದೇ ಲಿಪಿಯನ್ನು ಬಿಟ್ಟರೆ, ಕನ್ನಡ ಲಿಪಿಯಷ್ಟು ಒದಗಿಬರುವ ಲಿಪಿ ಇನ್ನೊಂದಿಲ್ಲ.

ಹಂತ 2: ಐದು ಕೀಲಿಗಳನ್ನು ಕೈಗೆ ತೆಗೆದುಕೊಳ್ಳಿ

ಪದಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವುದಕ್ಕೆ ಮುಂಚೆ ಈ ಹಂತಕ್ಕೆ ಒಂದು ಭಾನುವಾರ ಪೂರ್ತಿ ಕೊಡಿ. ಕನ್ನಡ ಮತ್ತು ತೆಲುಗು ಒಂದೇ ದ್ರಾವಿಡ ಮನೆತನದ ನುಡಿಗಳು. ಹಲವು ಪದಗಳು ಎರಡರಲ್ಲೂ ಇವೆ, ಒಂದೊಂದು ದನಿ ಮಾತ್ರ ಬದಲಾಗಿದೆ. ಬದಲಾದ ಬಗೆ ಗೊತ್ತಾದರೆ ನೂರಾರು ಪದ ಒಟ್ಟಿಗೆ ತೆರೆದುಕೊಳ್ಳುತ್ತವೆ.

ಮೊದಲ ಕೀಲಿ: ಕನ್ನಡದ ‘ಹ’ ಇದ್ದ ಕಡೆ ತೆಲುಗಿನ ‘ಪ’ ಇಟ್ಟು ನೋಡಿ. ಹಾಲು ಪಾಲು ಆಗುತ್ತದೆ, ಹುಲಿ ಪುಲಿ, ಹಾವು ಪಾಮು, ಹಂದಿ ಪಂದಿ, ಹತ್ತಿ ಪತ್ತಿ, ಹೊಗೆ ಪೊಗ, ಹೊಲ ಪೊಲಂ, ಹಣ್ಣು ಪಂಡು, ಹೆಸರು ಪೇರು, ಹತ್ತು ಪದಿ, ಹೋಗು ಪೋ. ‘ಈ ಹೊತ್ತು’ ಎಂಬುದು ‘ಈ ಪೊದ್ದು’; ಕೋಲಾರದ ತೆಲುಗಿನಲ್ಲಿ ‘ಇವತ್ತು’ ಎನ್ನಲು ಇದೇ ಪದ.

ಇಲ್ಲಿ ಬದಲಾದದ್ದು ತೆಲುಗಲ್ಲ, ಕನ್ನಡ. ಹಳಗನ್ನಡದಲ್ಲಿ ನಾವೂ ಪಾಲ್, ಪುಲಿ, ಪಣ್ ಎನ್ನುತ್ತಿದ್ದೆವು. ಇದಕ್ಕೆ ಸಾಕ್ಷಿಯೊಂದು ವಕ್ಕಲೇರಿಯಲ್ಲೇ ಸಿಕ್ಕಿದೆ. ಬಾದಾಮಿ ಚಾಲುಕ್ಯರ ಕೊನೆಯ ದೊರೆ ಇಮ್ಮಡಿ ಕೀರ್ತಿವರ್ಮನ ತಾಮ್ರಪಟಗಳು ಈ ಊರಿನಲ್ಲಿ ದೊರೆತು ‘ವಕ್ಕಲೇರಿ ಶಾಸನ’ ಎಂದೇ ಇತಿಹಾಸದ ಪುಸ್ತಕಗಳಲ್ಲಿ ಹೆಸರಾಗಿವೆ. ಶಕ 679, ಅಂದರೆ ಕ್ರಿ.ಶ. 757ರ ದಾನಪತ್ರ ಅದು; ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ. ದಾನ ಕೊಟ್ಟ ಸುಳ್ಳಿಯೂರು ಎಂಬ ಹಳ್ಳಿ ‘ಪಾನುಂಗಲ್’ ವಿಷಯದಲ್ಲಿದೆ ಎಂದು ಅದರಲ್ಲಿ ಹೇಳಿದೆ. ಆ ಪಾನುಂಗಲ್ಲೇ ಇವತ್ತಿನ ಹಾವೇರಿ ಜಿಲ್ಲೆಯ ಹಾನಗಲ್. ಹಾನಗಲ್ಲಿನಿಂದ ಇಲ್ಲಿಗೆ ವರ್ಗವಾಗಿ ಬಂದವರಿದ್ದರೆ, ಅವರ ಊರಿನ ಹಳೆಯ ‘ಪ’ಕಾರ ಅವರಿಗಿಂತ ಎಷ್ಟೋ ಶತಮಾನ ಮುಂಚೆಯೇ ವಕ್ಕಲೇರಿಗೆ ಬಂದಿದೆ.

ಊರುಗಳ ಹೆಸರಲ್ಲೂ ಇದೇ ಕೀಲಿ ತಿರುಗುತ್ತದೆ. ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯ ‘ಪಲ್ಲಿ’ ನಮ್ಮ ‘ಹಳ್ಳಿ’ಯೇ. ಒಂದು ಎಚ್ಚರಿಕೆ: ಸಂಸ್ಕೃತದಿಂದ ಬಂದ ಪದಗಳಿಗೆ ಈ ಕೀಲಿ ಹಾಕಬೇಡಿ, ಹನುಮಂತ ತೆಲುಗಿನಲ್ಲೂ ಹನುಮಂತನೇ. ಅಚ್ಚ ಕನ್ನಡದ ಪದಗಳಲ್ಲೂ ಕೆಲವು ಕೈಕೊಡುತ್ತವೆ: ಹಸುವಿಗೆ ‘ಆವು’, ಹುಣಿಸೆಗೆ ‘ಚಿಂತ’.

ಎರಡನೆಯ ಕೀಲಿ: ಪದದ ಮೊದಲಿನ ‘ಬ’ಗೆ ‘ವ’. ಬೇರು ವೇರು, ಬೇವು ವೇಪ, ಬೆಣ್ಣೆ ವೆನ್ನ, ಬೆಳ್ಳಿ ವೆಂಡಿ, ಬೆಲೆ ವೆಲ, ಬೇಸಿಗೆ ವೇಸವಿ. ಮುಳಬಾಗಿಲಿನ ‘ಬಾಗಿಲು’ ತೆಲುಗಿನಲ್ಲಿ ‘ವಾಕಿಲಿ’. ಆದರೆ ಬಂಡಿ ಬಂಡಿಯೇ, ಬೆಲ್ಲ ‘ಬೆಲ್ಲಂ’.

ಮೂರನೆಯದು: ‘ಕಿ’, ‘ಕೆ’ಗಳಿಗೆ ‘ಚ’. ಕಿವಿ ಚೆವಿ, ಕೆರೆ ಚೆರುವು, ಕೈ ಚೆಯ್ಯಿ. ಕೈ ಎಂಬುದು ಹಳಗನ್ನಡದಲ್ಲಿ ‘ಕೆಯ್’ ಎಂದಿತ್ತು ಎಂಬುದನ್ನು ನೆನೆದರೆ ಇದೂ ಸಾಲಿಗೆ ಸೇರುತ್ತದೆ. ಕೆರೆಗಳ ಸೀಮೆಯಾದ ಕೋಲಾರದಲ್ಲಿ ‘ಚೆರುವು’ ಎಂಬ ಪದವನ್ನು ದಿನಾ ಕೇಳುತ್ತೀರಿ.

ನಾಲ್ಕನೆಯದು ಎಲ್ಲಕ್ಕಿಂತ ಸುಲಭ. ಕನ್ನಡ ಪದದ ಕೊನೆಯ ‘ಎ’ ತೆಲುಗಿನಲ್ಲಿ ‘ಅ’: ತಲೆ ತಲ, ಎದೆ ಎದ, ಸಂತೆ ಸಂತ, ಮೇಕೆ ಮೇಕ, ಕೋಟೆ ಕೋಟ, ಗಂಟೆ ಗಂಟ. ‘ಅ’ದಲ್ಲೇ ಕೊನೆಯಾಗುವ ಹಲವು ನಾಮಪದಗಳಿಗೆ ಒಂದು ಸೊನ್ನೆ ಸೇರುತ್ತದೆ: ಅನ್ನಂ, ಪುಸ್ತಕಂ, ದೇಶಂ.

ಐದನೆಯದು: ಹಳಗನ್ನಡದಲ್ಲಿ ‘ೞ’ ಎಂಬ ಅಕ್ಷರವಿತ್ತು, ಈಗ ಅದು ‘ಳ’ ಆಗಿದೆ. ಅಂಥ ಪದಗಳಲ್ಲಿ ತೆಲುಗು ಹಲವು ಸಲ ‘ಡ’ ಹಿಡಿದಿದೆ. ಏಳು ಎಂಬುದು ಏಡು, ಕೋಳಿ ಎಂಬುದು ಕೋಡಿ.

ಯಾವ ಕೀಲಿಗೂ ಬಗ್ಗದ ಪದಗಳನ್ನು ಮಾತ್ರ ಬಾಯಿಪಾಠ ಮಾಡಿ: ನೀರಿಗೆ ‘ನೀಳ್ಳು’, ಮನೆಗೆ ‘ಇಲ್ಲು’, ಮಳೆಗೆ ‘ವಾನ’, ಗಿಡಮರಕ್ಕೆ ‘ಚೆಟ್ಟು’, ಅಕ್ಕಿಗೆ ‘ಬಿಯ್ಯಂ’, ಎಣ್ಣೆಗೆ ‘ನೂನೆ’, ಮುದ್ದೆಗೆ ‘ಸಂಗಟಿ’, ನಾಯಿಗೆ ‘ಕುಕ್ಕ’, ನಾಳೆಗೆ ‘ರೇಪು’, ಮಾವಿಗೆ ‘ಮಾಮಿಡಿ’. ಕೊನೆಯದು ಶ್ರೀನಿವಾಸಪುರಕ್ಕೆ ಹೋಗುವವರಿಗೆ ಬೇಕೇಬೇಕು. ಆ ತಾಲ್ಲೂಕು ಬದುಕಿರುವುದೇ ಮಾವಿನ ಮೇಲೆ.

ಹಂತ 3: ನಾಲಿಗೆ ತಿದ್ದಿಕೊಳ್ಳಿ

ತೆಲುಗನ್ನು ಯುರೋಪಿನವರು ‘ಪೂರ್ವದ ಇಟಾಲಿಯನ್’ ಎಂದು ಕರೆದದ್ದುಂಟು. ಇಟಾಲಿಯನ್ನಿನ ಹಾಗೆ ಅದರ ಪದಗಳೂ ಸ್ವರದಲ್ಲಿ ಮುಗಿಯುತ್ತವೆ ಎಂಬುದಕ್ಕೆ. ಕನ್ನಡದ ಪದಗಳೂ ಹಾಗೇ ಮುಗಿಯುವುದರಿಂದ ನಿಮಗೆ ಅಲ್ಲಿ ಕಷ್ಟವಿಲ್ಲ. ಎರಡು ಕಡೆ ಮಾತ್ರ ಜಾಗ್ರತೆ ಬೇಕು.

ಒಂದು, ಕನ್ನಡದ ‘ಣ್ಣ’ ತೆಲುಗಿನಲ್ಲಿ ಸಾಮಾನ್ಯವಾಗಿ ‘ನ್ನ’. ಕಣ್ಣು ಎಂಬುದು ಕನ್ನು, ಬೆಣ್ಣೆ ಎಂಬುದು ವೆನ್ನ, ಅಣ್ಣ ಎಂಬುದು ಅನ್ನ. ನಾಲಿಗೆಯನ್ನು ಮೇಲಕ್ಕೆ ಮಡಿಸದೆ ಹಲ್ಲಿನ ಹಿಂದೆ ತಾಗಿಸಿ. ಅಭ್ಯಾಸಕ್ಕೆ ಈ ವಾಕ್ಯ: ‘ಅನ್ನಾ, ಅನ್ನಂ ತಿನ್ನಾರಾ?’ ಅಂದರೆ ‘ಅಣ್ಣಾ, ಊಟ ಆಯ್ತಾ?’ ಕೋಲಾರದ ಕಡೆ ಕುಶಲ ವಿಚಾರಿಸುವುದು ಊಟದಿಂದಲೇ ಶುರುವಾಗುವುದರಿಂದ ಈ ಒಂದು ವಾಕ್ಯ ಬಂದರೂ ಮಾತಿಗೆ ದಾರಿಯಾಗುತ್ತದೆ.

ಇನ್ನೊಂದು, ‘ಚ’ ಮತ್ತು ‘ಜ’. ಇ, ಎ ಸ್ವರಗಳ ಜೊತೆ ಇವು ಕನ್ನಡದ ಹಾಗೆಯೇ: ಚೆವಿ, ಚೆರುವು. ಅ, ಉ, ಒ ಸ್ವರಗಳ ಜೊತೆ ಬಂದಾಗ ತೆಲುಗರು ನಾಲಿಗೆಯ ತುದಿಯನ್ನು ಹಲ್ಲಿಗೆ ತಂದು ‘ತ್ಸ’ ಎಂಬಂತೆ ಆಡುತ್ತಾರೆ. ‘ಸಾಕು’ ಎನ್ನುವ ‘ಚಾಲು’ ಎಂಬ ಪದ ‘ತ್ಸಾಲು’ ಎಂದು ಕೇಳುತ್ತದೆ, ‘ನೋಡು’ ಎನ್ನುವ ‘ಚೂಡು’ ‘ತ್ಸೂಡು’ ಎಂದು. ಮರಾಠಿ ಬಲ್ಲ ಬೆಳಗಾವಿಯವರಿಗೆ ಈ ದನಿ ಹೊಸದಲ್ಲ. ಇದು ಊರಿಂದ ಊರಿಗೆ, ಬಾಯಿಂದ ಬಾಯಿಗೆ ಬದಲಾಗಬಹುದು. ನಿಮ್ಮ ಓಣಿಯ ಹಿರಿಯರು ಹೇಗೆ ಆಡುತ್ತಾರೋ ಹಾಗೆ ಆಡಿ. ಬರಲಿಲ್ಲವೆಂದರೆ ಕನ್ನಡದ ‘ಚ’ವನ್ನೇ ಆಡಿ, ಯಾರೂ ತಪ್ಪು ತಿಳಿಯುವುದಿಲ್ಲ.

ಹ್ರಸ್ವ ದೀರ್ಘಗಳನ್ನು ಮಾತ್ರ ಸಡಿಲ ಬಿಡಬಾರದು. ‘ಕಳ್ಳು’ ಎಂದರೆ ಕಣ್ಣುಗಳು, ‘ಕಾಳ್ಳು’ ಎಂದರೆ ಕಾಲುಗಳು. ಆರೋಗ್ಯ ಕೇಂದ್ರದಲ್ಲಿ ಕೂತವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಹಂತ 4: ಮರ್ಯಾದೆ ಕಲಿಯಿರಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಪದ ತಪ್ಪಿದರೆ ಜನ ತಿದ್ದುತ್ತಾರೆ, ಮರ್ಯಾದೆ ತಪ್ಪಿದರೆ ತಿದ್ದುವುದಿಲ್ಲ, ಸುಮ್ಮನಾಗುತ್ತಾರೆ.

ತೆಲುಗಿನಲ್ಲಿ ‘ನೀವು’ ಎಂದರೆ ಕನ್ನಡದ ‘ನೀನು’. ‘ನುವ್ವು’ ಎಂದೂ ಅನ್ನುತ್ತಾರೆ. ಕನ್ನಡದ ಗೌರವದ ‘ನೀವು’ಗೆ ತೆಲುಗಿನಲ್ಲಿ ‘ಮೀರು’. ಹಾಗಾಗಿ ತೆಲುಗು ವಾಕ್ಯದ ನಡುವೆ ಅಭ್ಯಾಸಬಲದಿಂದ ‘ನೀವು’ ಎಂದು ಹಿರಿಯರಿಗೆ ಅಂದರೆ ಏಕವಚನದಲ್ಲಿ ಮಾತಾಡಿದಂತಾಯಿತು. ‘ನಿಮ್ಮ ಹೆಸರೇನು’ ಎನ್ನಲು ‘ಮೀ ಪೇರೇಮಿ?’ ಮಕ್ಕಳನ್ನು ಕೇಳುವಾಗ ಮಾತ್ರ ‘ನೀ ಪೇರೇಮಿ?’ ‘ಯಾವೂರು ನಿಮ್ಮದು’ ಎನ್ನಲು ‘ಏ ಊರು ಮೀದಿ?’

ಬಾ, ಹೋಗು, ಹೇಳು, ನೋಡು, ಕೊಡು ಎನ್ನಲು ರಾ, ಪೋ, ಚೆಪ್ಪು, ಚೂಡು, ಇವ್ವು. ಗೌರವಕ್ಕೆ ‘ಅಂಡಿ’ ಸೇರಿಸಿ: ರಾಂಡಿ, ಪೋಂಡಿ, ಚೆಪ್ಪಂಡಿ, ಚೂಡಂಡಿ, ಇವ್ವಂಡಿ. ಹಳ್ಳಿಯ ಮಾತಿನಲ್ಲಿ ಬರಿಯ ‘ಅಂಡಿ’ಗಿಂತ ನಂಟಿನ ಕರೆಗೆ ತೂಕ ಹೆಚ್ಚು. ‘ಚೆಪ್ಪನ್ನಾ’, ‘ರಾಕ್ಕಾ’ ಎಂದರೆ ಅದರಲ್ಲೇ ಗೌರವವೂ ಸಲುಗೆಯೂ ಸೇರಿರುತ್ತವೆ. ಅಣ್ಣನ ವಯಸ್ಸಿನವರಿಗೆ ಅನ್ನ, ಅಕ್ಕನ ವಯಸ್ಸಿನವರಿಗೆ ಅಕ್ಕ, ವಯಸ್ಸಾದ ಗಂಡಸರಿಗೆ ತಾತ, ವಯಸ್ಸಾದ ಹೆಂಗಸರಿಗೆ ಅವ್ವ. ಧಾರವಾಡ, ಗದಗದ ಕಡೆಯವರು ಈ ಕೊನೆಯದನ್ನು ಗಮನಿಸಬೇಕು. ನಿಮ್ಮಲ್ಲಿ ಅವ್ವ ಎಂದರೆ ಹೆತ್ತ ತಾಯಿ. ಇಲ್ಲಿ ಅವ್ವ ಎಂದರೆ ಅಜ್ಜಿ. ನಡುವಯಸ್ಸಿನ ಹೆಂಗಸನ್ನು ಪ್ರೀತಿಯಿಂದ ‘ಅವ್ವಾ’ ಎಂದು ಕರೆದರೆ ಅವರಿಗೆ ಬೇಸರವಾದೀತು.

ಇನ್ನೊಂದು ವಿಷಯ ಹೊಸಬರಿಗೆ ಒರಟಾಗಿ ಕೇಳಿಸುತ್ತದೆ. ತೆಲುಗಿನ ಏಕವಚನದಲ್ಲಿ ಹೆಂಗಸಿಗೂ ವಸ್ತುವಿಗೂ ಕ್ರಿಯಾಪದದ ರೂಪ ಒಂದೇ. ‘ಬಸ್ಸು ವಚ್ಚಿಂದಿ’ ಎಂದರೆ ಬಸ್ಸು ಬಂತು. ‘ಅಮ್ಮ ವಚ್ಚಿಂದಿ’ ಎಂದರೆ ಅಮ್ಮ ಬಂದಳು. ಹೆತ್ತ ತಾಯಿಯನ್ನು ‘ಬಂತು’ ಎನ್ನುತ್ತಿದ್ದಾರೆ ಎಂದು ಮೇಷ್ಟ್ರು ಮಗುವನ್ನು ಗದರಿಸಬಾರದು. ಅದು ಆ ಭಾಷೆಯ ವ್ಯಾಕರಣ, ಅಗೌರವವಲ್ಲ. ಹಳೆ ಮೈಸೂರಿನ ಹಳ್ಳಿಗಳಲ್ಲೂ ‘ಅಜ್ಜಿ ಬಂತು’ ಎನ್ನುವುದಿಲ್ಲವೇ? ಗೌರವ ಬೇಕಾದ ಕಡೆ ತೆಲುಗಿನಲ್ಲೂ ‘ವಚ್ಚಾರು’ ಎಂಬ ಬಹುವಚನ ಇದ್ದೇ ಇದೆ.

ಕೊನೆಯದಾಗಿ ‘ನಾವು’. ಕನ್ನಡದಲ್ಲಿ ಒಂದೇ ‘ನಾವು’, ತೆಲುಗಿನಲ್ಲಿ ಎರಡು. ಕೇಳುವವರನ್ನೂ ಸೇರಿಸಿಕೊಂಡರೆ ‘ಮನಂ’; ಅವರನ್ನು ಬಿಟ್ಟು ನಾವು ಎಂದರೆ ‘ಮೇಮು’. ‘ಮನಂ ಪೋದಾಂ’ ಎಂದರೆ ಎಲ್ಲರೂ ಹೋಗೋಣ, ನೀವೂ ಬನ್ನಿ. ‘ಮೇಮು ಪೋತಾಮು’ ಎಂದರೆ ನಾವು ಹೋಗುತ್ತೇವೆ, ನೀವು ಅದರಲ್ಲಿ ಸೇರಿಲ್ಲ. ಹಾಗೆಯೇ ‘ಮನ ಊರು’ ಮತ್ತು ‘ಮಾ ಊರು’. ಎರಡನ್ನೂ ಕನ್ನಡಕ್ಕೆ ‘ನಮ್ಮೂರು’ ಎಂದೇ ತರಬೇಕಾಗುತ್ತದೆ, ಆದರೆ ಮೊದಲನೆಯದರಲ್ಲಿ ನೀವಿದ್ದೀರಿ, ಎರಡನೆಯದರಲ್ಲಿ ಇಲ್ಲ. ಶಾಲೆ, ಡೇರಿ, ಆಸ್ಪತ್ರೆಯ ಮಾತು ಬಂದಾಗ ‘ಮನ’ ಬಳಸಿ. ‘ಮನ ಬಡಿ’ ಎನ್ನುವ ಮೇಷ್ಟ್ರ ಮಾತಿಗೂ ‘ಮಾ ಬಡಿ’ ಎನ್ನುವವರ ಮಾತಿಗೂ ಊರಿನವರು ವ್ಯತ್ಯಾಸ ಕಾಣುತ್ತಾರೆ.

ಹಂತ 5: ಒಂದೇ ಮುಖದ ಬೇರೆ ಪದಗಳು

ಈಗ ‘ಬಡಿ’ ಎಂದೆನಲ್ಲ, ಅದು ತೆಲುಗಿನಲ್ಲಿ ಶಾಲೆ. ‘ಬಡಿಕಿ ರಾ’ ಎಂದರೆ ಶಾಲೆಗೆ ಬಾ. ಹೊಡೆತಕ್ಕೂ ಅದಕ್ಕೂ ಸಂಬಂಧವಿಲ್ಲ. ಇಂಥ ಪದಗಳು ಕನ್ನಡಿಗರನ್ನೇ ಹುಡುಕಿಕೊಂಡು ಬಂದು ಎಡವಿಸುತ್ತವೆ.

‘ಮಾಟ’ ಎಂದರೆ ಮಾತು. ‘ಒಕ ಮಾಟ ಚೆಪ್ಪಾಲ’ ಎಂದು ಯಾರಾದರೂ ಬಂದರೆ ಒಂದು ಮಾತು ಹೇಳಬೇಕು ಎಂದಷ್ಟೇ, ಭಯಪಡಬೇಡಿ. ‘ಕೊಂಡ’ ಎಂದರೆ ಬೆಟ್ಟ. ವಕ್ಕಲೇರಿಯ ಮಾರ್ಕಂಡೇಶ್ವರ ಬೆಟ್ಟ ತೆಲುಗಿನವರ ಬಾಯಲ್ಲಿ ಕೊಂಡವಾಗುತ್ತದೆ. ಅಲ್ಲಿ ಯಾರೂ ಕೆಂಡ ಹಾಯುವುದಿಲ್ಲ. ‘ಕೋಡಿ’ ಕೋಳಿಯೂ ಹೌದು, ಕನ್ನಡದಲ್ಲಿ ಕೆರೆಯ ಕೋಡಿಯೂ ಹೌದು. ಮಳೆಗಾಲದಲ್ಲಿ ಎರಡೂ ಮಾತಿಗೆ ಬರುವುದರಿಂದ ಹಿಂದುಮುಂದಿನ ಪದ ಕೇಳಿಸಿಕೊಳ್ಳಿ. ‘ಎದ್ದು’ ಎಂದರೆ ಎತ್ತು. ‘ಇಲ್ಲು’ ಎಂದರೆ ಮನೆ. ‘ಇಲ್ಲ’ ಎನ್ನಲು ‘ಲೇದು’. ‘ಚಾಲು’ ಎಂದರೆ ಸಾಕು; ಪಂಪ್‌ಸೆ‌ಟ್ ಚಾಲೂ ಮಾಡುವುದಕ್ಕೆ ಪೂರಾ ಉಲ್ಟಾ. ‘ನಿನ್ನ’ ಎಂದರೆ ನಿನ್ನೆ. ನಾಲ್ಕನೆಯ ಕೀಲಿ ನೆನೆಸಿಕೊಳ್ಳಿ. ‘ಮಾತ್ರ’ ಎಂದರೆ ಮಾತ್ರೆ, ಅದೇ ಕೀಲಿ. ‘ಇದ್ದರು’ ಎಂದರೆ ಇಬ್ಬರು. ಅಂಗನವಾಡಿಯ ಸಮೀಕ್ಷೆಯಲ್ಲಿ ‘ಎಂತಮಂದಿ ಪಿಲ್ಲಲು?’ ಎಂದು ಕೇಳಿದಾಗ ‘ಇದ್ದರು’ ಎಂಬ ಉತ್ತರ ಬಂದರೆ, ಮಕ್ಕಳು ಇದ್ದರು, ಈಗಿಲ್ಲ ಎಂದು ಗಾಬರಿಯಾಗಿ ಮರುಗಬೇಡಿ. ಇಬ್ಬರು ಮಕ್ಕಳಿದ್ದಾರೆ ಎಂದರ್ಥ.

ಹಂತ 6: ಲೆಕ್ಕ

ಒಕಟಿ, ರೆಂಡು, ಮೂಡು, ನಾಲುಗು, ಐದು, ಆರು, ಏಡು, ಎನಿಮಿದಿ, ತೊಮ್ಮಿದಿ, ಪದಿ. ಐದು, ಆರು ಕಲಿಯುವುದೇ ಬೇಡ. ಹತ್ತರ ಲೆಕ್ಕ ಹೀಗೆ: ಇರವೈ, ಮುಪ್ಪೈ, ನಲಭೈ, ಯಾಭೈ, ಅರವೈ, ಡೆಬ್ಬೈ, ಎನಭೈ, ತೊಂಭೈ. ಇವುಗಳಲ್ಲಿ ಕನ್ನಡದ ಕಿವಿಗೆ ಹತ್ತದ್ದು ಎಪ್ಪತ್ತಕ್ಕೆ ಬರುವ ‘ಡೆಬ್ಬೈ’ ಒಂದೇ.

ನೂರಕ್ಕೆ ‘ನೂರು’ ಎಂಬುದೂ ಉಂಟು, ‘ವಂದ’ ಎಂಬುದೂ ಉಂಟು. ‘ವಂದ’ ಎಂಬುದನ್ನು ಅವಸರದಲ್ಲಿ ‘ಒಂದು’ ಎಂದು ಕೇಳಿಸಿಕೊಳ್ಳುವುದು ಸುಲಭ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು 15 ಕೆಜಿಯ ಬಾಕ್ಸಿನ ಲೆಕ್ಕದಲ್ಲಿ. ಆಂಧ್ರದ ಕಡೆಯ ರೈತರೂ ವ್ಯಾಪಾರಿಗಳೂ ಬರುವ ಆ ಮಾರುಕಟ್ಟೆಯಲ್ಲಿ ಬೆಲೆ ಎರಡು ಭಾಷೆಯಲ್ಲಿ ಓಡುತ್ತದೆ. ‘ಬಾಕ್ಸು ಎಂತ?’ ಎಂದು ಕೇಳಿ. ‘ರೆಂಡು ವಂದಲು’ ಎಂದರೂ ‘ಇನ್ನೂರು’ ಎಂದರೂ ಇನ್ನೂರೇ. ‘ಮೂಡು ವಂದಲು’, ‘ಮುನ್ನೂರು’ ಕೂಡ ಹಾಗೆ. ಒಂದೂವರೆಗೆ ‘ಒಕಟಿನ್ನರ’, ಎರಡೂವರೆಗೆ ‘ರೆಂಡುನ್ನರ’. ಬೆಲೆ ಗಟ್ಟಿಯಾದ ಮೇಲೆ ಅಂಕಿಯನ್ನು ಕನ್ನಡದಲ್ಲಿ ಇನ್ನೊಮ್ಮೆ ಹೇಳಿ ಒಪ್ಪಿಸಿಕೊಳ್ಳಿ. ಇದರಲ್ಲಿ ಸಂಕೋಚ ಬೇಡ; ಹುಟ್ಟಾ ತೆಲುಗರೂ ಮಂಡಿಯಲ್ಲಿ ಬೆಲೆಯನ್ನು ಎರಡು ಸಲ ಹೇಳುತ್ತಾರೆ.

ಹಂತ 7: ನಿಮ್ಮ ಕೆಲಸದ ಜಾಗದ ವಾಕ್ಯಗಳು

ವಾಕ್ಯ ಕಟ್ಟುವ ಬಗೆ ಎರಡೂ ಭಾಷೆಯಲ್ಲಿ ಒಂದೇ. ಊರಿಗೆ ಎನ್ನಲು ಊರಿಕಿ, ಊರಲ್ಲಿ ಎನ್ನಲು ಊರ್ಲೋ, ಊರಿಂದ ಎನ್ನಲು ಊರಿ ನುಂಚಿ. ನನಗೆ ಎನ್ನಲು ನಾಕು, ನಿಮಗೆ ಎನ್ನಲು ಮೀಕು. ಬೇಕು ಎನ್ನಲು ‘ಕಾವಾಲ’, ಬೇಡ ಎನ್ನಲು ‘ವದ್ದು’, ಗೊತ್ತಿಲ್ಲ ಎನ್ನಲು ‘ತೆಲೀದು’. ‘ನಾಕು ತೆಲುಗು ಸರಿಗ್ಗಾ ರಾದು’ ಎಂದರೆ ನನಗೆ ತೆಲುಗು ಸರಿಯಾಗಿ ಬರಲ್ಲ. ಪದದ ಮೇಲೆ ಪದ ಇಟ್ಟ ಹಾಗೆ ಕನ್ನಡದ ವಾಕ್ಯವೇ. ಮೊದಲು ಈ ವಾಕ್ಯ ಹೇಳಿ. ಎದುರಿನವರು ತಾವಾಗಿಯೇ ನಿಧಾನವಾಗಿ ಮಾತಾಡುತ್ತಾರೆ.

ಆಸ್ಪತ್ರೆಯಲ್ಲಿ: ‘ಯಾಡ ನೊಪ್ಪಿ, ಅವ್ವಾ?’ ಎಲ್ಲಿ ನೋವು ಅಜ್ಜಿ? ‘ಎನ್ನಿ ದಿನಾಲ ನುಂಚಿ?’ ಎಷ್ಟು ದಿನದಿಂದ? ‘ಜ್ವರಂ ಉಂಡಾದಾ?’ ಜ್ವರ ಇದೆಯಾ? ಉತ್ತರದಲ್ಲಿ ಹುಡುಕಬೇಕಾದ ಪದಗಳು: ‘ತಲ ನೊಪ್ಪಿ’ ತಲೆನೋವು, ‘ಕಡುಪು ನೊಪ್ಪಿ’ ಹೊಟ್ಟೆನೋವು, ‘ದಗ್ಗು’ ಕೆಮ್ಮು, ‘ಜಲುಬು’ ನೆಗಡಿ. ಇಷ್ಟು ಗೊತ್ತಿದ್ದರೆ ಅಜ್ಜಿಯ ಮುಖ ಅರಳುತ್ತದೆ. ಆದರೆ ಮಾತ್ರೆ ಎಷ್ಟು, ಯಾವಾಗ ಎಂಬುದನ್ನು ಕಲಿಯುವವರ ತೆಲುಗಿನಲ್ಲಿ ಹೇಳಿ ಕೈತೊಳೆದುಕೊಳ್ಳುವುದು ಅಪಾಯ. ಜೊತೆಗೆ ಬಂದವರಿಗೆ ಕನ್ನಡದಲ್ಲಿ ಹೇಳಿ, ಅವರಿಂದ ಅಜ್ಜಿಗೆ ಹೇಳಿಸಿ, ಅಜ್ಜಿಯ ಬಾಯಿಂದ ಮತ್ತೆ ಕೇಳಿಸಿಕೊಳ್ಳಿ.

ಶಾಲೆಯಲ್ಲಿ: ‘ನಿನ್ನ ಎಂದುಕು ರಾಲೇದು?’ ನಿನ್ನೆ ಯಾಕೆ ಬರಲಿಲ್ಲ? ‘ಏಮಿ ಕಾವಾಲ?’ ಏನು ಬೇಕು? ‘ಭಯಂ ವದ್ದು’ ಹೆದರಬೇಡ. ಪಾಠ ಕನ್ನಡದಲ್ಲೇ ನಡೆಯಲಿ, ಮಗುವಿಗೆ ಅದೇ ದಾರಿ. ಆದರೆ ಮನೆಯಲ್ಲಿ ‘ಪಾಲು’ ಕುಡಿದು ಬಂದ ಮಗು ಬೋರ್ಡಿನ ಮೇಲೆ ‘ಹಾಲು’ ಎಂದು ಓದುವಾಗ, ಎರಡೂ ಒಂದೇ ಕಣೋ ಎಂದು ಹೇಳುವ ಮೇಷ್ಟ್ರು ಆ ಮಗುವಿಗೆ ಬೇಕು. ಕೀಲಿಗಳನ್ನು ಮಕ್ಕಳಿಗೇ ಕೊಟ್ಟು ನೋಡಿ. ಹುಲಿ ಏನಾಗುತ್ತೆ, ಹಾವು ಏನಾಗುತ್ತೆ ಎಂದು ಅವರೇ ಹುಡುಕುತ್ತಾರೆ, ನಿಮಗೂ ಹೊಸ ಪದ ಕಲಿಸುತ್ತಾರೆ.

ಬ್ಯಾಂಕಿನವರಿಗೆ ಎರಡೇ ಸಾಕು: ‘ಈಡ ಸಂತಕಂ ಪೆಟ್ಟಂಡಿ’, ಇಲ್ಲಿ ಸಹಿ ಹಾಕಿ, ‘ರೇಪು ರಾಂಡಿ’, ನಾಳೆ ಬನ್ನಿ. ಎರಡನೆಯದನ್ನು ಆದಷ್ಟು ಕಡಿಮೆ ಬಳಸಿ.

ಹಂತ 8: ಲಿಪಿ ಮತ್ತು ಮುಂದಿನ ಓದು

ತೆಲುಗು ಲಿಪಿಗೆ ಹೆದರಬೇಡಿ. ಕನ್ನಡ ಲಿಪಿಯೂ ಅದೂ ಒಂದೇ ಬೇರಿನವು. ಹೆಚ್ಚಿನ ಅಕ್ಷರಗಳನ್ನು ನೋಡಿದೊಡನೆ ಊಹಿಸಬಹುದು. ಕನ್ನಡದ ತಲೆಕಟ್ಟು ಅಡ್ಡಗೆರೆಯಂತಿದ್ದರೆ ತೆಲುಗಿನದು ಮೇಷ್ಟ್ರು ಉತ್ತರಕ್ಕೆ ಹಾಕುವ ಸರಿ ಗುರುತಿನಂತೆ ಮೇಲಕ್ಕೆ ಓಡುತ್ತದೆ. ತಿರುಪತಿ, ಮದನಪಲ್ಲಿ, ಪಲಮನೇರಿಗೆ ಹೋಗುವ ಆಂಧ್ರದ ಬಸ್ಸುಗಳ ಬೋರ್ಡು ಓದುವುದರಿಂದ ಶುರುಮಾಡಿ. ಊರಿನ ಹೆಸರು ಮೊದಲೇ ಗೊತ್ತಿರುವುದರಿಂದ ಅಕ್ಷರ ತಾನಾಗಿ ಕೂರುತ್ತದೆ.

ಪದಗಳ ನಂಟು ಹುಡುಕುವ ಆಸೆ ಹತ್ತಿದವರು 1894ರಲ್ಲಿ ಹೊರಬಂದ ಕಿಟ್ಟೆಲ್ ಅವರ ನಿಘಂಟನ್ನು ತೆರೆಯಬಹುದು. ಕನ್ನಡ ಪದದ ಪಕ್ಕದಲ್ಲೇ ತೆಲುಗು, ತಮಿಳಿನ ರೂಪಗಳನ್ನು ಅವರು ಕೊಟ್ಟಿದ್ದಾರೆ. ತೆಲುಗಿನಿಂದ ಇಂಗ್ಲಿಷಿಗೆ ಸಿ.ಪಿ. ಬ್ರೌನ್ ಅವರ 1852ರ ನಿಘಂಟು ಇದೆ. ಕೇಳುವುದಕ್ಕೆ ಭಜನೆ ಮನೆಗಿಂತ ಒಳ್ಳೆಯ ಜಾಗವಿಲ್ಲ. ತಾತಯ್ಯನವರ ಕೀರ್ತನೆಗಳನ್ನು ಈ ಸೀಮೆಯ ಹಳ್ಳಿಗಳಲ್ಲಿ ಇವತ್ತಿಗೂ ಹಾಡುತ್ತಾರೆ. ಸಾಲು ಮತ್ತೆ ಮತ್ತೆ ಬರುವುದರಿಂದ ಹ್ರಸ್ವ ದೀರ್ಘ ಎರಡೂ ಕಿವಿಯಲ್ಲಿ ನಿಲ್ಲುತ್ತವೆ.

ಮುಂದೆ ಕೆಜಿಎಫ್ ಕಡೆಗೋ ಮಾಲೂರಿನ ಗಡಿಗೋ ವರ್ಗವಾದರೆ ಈ ನೋಟ್‌ಬುಕ್ ಎಸೆಯಬೇಡಿ. ಮೊದಲ ಎರಡು ಕೀಲಿಗಳು ತಮಿಳಿಗೂ ಹತ್ತುತ್ತವೆ: ಹಾಲು ಅಲ್ಲಿ ಪಾಲ್, ಹುಲಿ ಪುಲಿ, ಬೇರು ವೇರ್. ಉಳಿದ ಮೂರನ್ನು ಅಲ್ಲಿಯ ಜನರನ್ನು ಕೇಳಿ ಹೊಸದಾಗಿ ಕಟ್ಟಿಕೊಳ್ಳಬೇಕು.